ಒಂದು ಸೇರು ತೌಡು

"ಸರ್, ಹದಿನೇಳನೇ ಕ್ಯಾಸೆಟ್ಟಿಗಿ ಯಾವ ಹೆಸರ ಹಾಕ್ಲಿ?" ಎಂದು ಶಿವಾನಿ ಮತ್ತೊಮ್ಮೆ ಕೇಳಿದಳು.

ನಾಗನಾಥ ಗುರುಜಿ ಕುರ್ಚಿ ಬಿಟ್ಟೆದ್ದು ಕಿಟಕಿಯ ಹತ್ತಿರ ನಿಂತು ಆಗಲೇ ಬಹಳ ಹೊತ್ತಾಗಿತ್ತು. ಹೊರಗೆ ನೋಡುವಂಥದ್ದೇನೂ ಇರಲಿಲ್ಲ. ಕಾಲೇಜಿನ ಹಿತ್ತಲ ಗೋಡೆ, ಅದರ ಮೇಲೊಂದು ಕಾಗೆ, ಆಚೆ ಉದಗೀರದ ಬಸ್ ಸ್ಟ್ಯಾಂಡಿನ ಕಡೆಯಿಂದ ಬರುವ ಹಾರ್ನಿನ ಸದ್ದು. ಅಷ್ಟನ್ನೇ ಅವರು ತಪ್ಪು ಹುಡುಕುವವರ ಹಾಗೆ ನೋಡುತ್ತಿದ್ದರು. ಹೆಗಲ ಮೇಲಿನ ಟಾವೆಲನ್ನು ಎಡದಿಂದ ಬಲಕ್ಕೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಬಲದಿಂದ ಎಡಕ್ಕೆ.

"ಏನ ಬರದದ ಅದರ ಮ್ಯಾಲ?"

"ನಿಮ್ಮ ಅಕ್ಷರನೇ ಅದ ಸರ್. ಪೆನ್ಸಿಲ್ಲಿಲೆ ತಿಪ್ಯಾ, ಡೊಳ್ಳಿನ ಪದ, ಅಂತ ಬರದೀರಿ. ಮುಂದೇನಿಲ್ಲ."

ಗೋಡೆಯ ಮೇಲಿನ ಕಾಗೆ ಹಾರಿಹೋಯಿತು.

ತೊಂಬತ್ತಮೂರರ ಭೂಕಂಪಕ್ಕಿಂತ ಮೊದಲಿನ ಐದಾರು ವರ್ಷ ಗುರುಜಿ ರಜೆ ಬಂದರೆ ಸಾಕು, ಹೆಗಲಿಗೆ ಟೇಪ್‌ರೆಕಾರ್ಡರ್ ಹಾಕಿಕೊಂಡು ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಹಳ್ಳಿ ಹಳ್ಳಿ ತಿರುಗಿ ಕನ್ನಡದ ಪದಗಳನ್ನು ತುಂಬಿಕೊಂಡಿದ್ದರು. ಬೀಸುವ ಪದ, ಸೋಬಾನೆ, ಡೊಳ್ಳಿನ ಪದ. ಒಟ್ಟು ನಲವತ್ತೆರಡು ಕ್ಯಾಸೆಟ್ಟು. ಆ ಊರುಗಳಲ್ಲಿ ಕೆಲವು ಈಗ ಇದ್ದ ಜಾಗದಲ್ಲಿಲ್ಲ. ಹಾಡಿದವರಲ್ಲಿ ಹಲವರು ಎಲ್ಲಿಯೂ ಇಲ್ಲ. ಕ್ಯಾಸೆಟ್ಟುಗಳು ಮಾತ್ರ ಗುರುಜಿಯ ಮನೆಯ ಟ್ರಂಕಿನಲ್ಲಿ ಉಳಿದಿದ್ದವು. ಹೋದ ವರ್ಷ ಕಾಲೇಜಿನವರು ಅದಕ್ಕೊಂದು ಖೋಲಿ ಮಾಡಿಕೊಟ್ಟರು. ಮೊದಲು ಆಟದ ಸಾಮಾನು ಇಡುತ್ತಿದ್ದ ಖೋಲಿ. ಕೇರಂ ಪುಡಿಯ ವಾಸನೆ ಇನ್ನೂ ಹೋಗಿರಲಿಲ್ಲ. ಕಂಪ್ಯೂಟರಿನಲ್ಲಿ ಹೆಸರು ಕೂಡಿಸುವುದಕ್ಕೆಂದು ಜಳಕೋಟದ ಹುಡುಗಿ ಶಿವಾನಿಯನ್ನು ಇಟ್ಟುಕೊಂಡರು. ಗುರುಜಿ ಶನಿವಾರ ಶಾಲೆಯ ಮುಂಜಾನೆಯ ಪಾಳಿ ಮುಗಿಸಿ, ಉಮರಗಾದಿಂದ ಮೂರು ತಾಸು ಬಸ್ಸಿನಲ್ಲಿ ಕೂತು ಬರುತ್ತಿದ್ದರು.

ಕೆಲಸ ಸುಸೂತ್ರ ನಡೆದಿತ್ತು. ತೊಡಕು ಅಂದರೆ ಒಂದೇ. ಗುರುಜಿ ಆಗ ಕವರಿನ ಮೇಲೆ ಊರವರು ಕರೆಯುವ ಹೆಸರನ್ನೇ ಬರೆದಿಟ್ಟಿದ್ದರು. ಹಾಲ ಭೀಮ್ಯಾ, ಗಿಡ್ಡಿ, ಹೀಗೆ. ಆದರೆ ಛಾಪಿಸುವ ಪಟ್ಟಿಯಲ್ಲಿ ಹಾಡುಗಾರರ ಹೆಸರು ಕಾಗದಪತ್ರದಲ್ಲಿ ಇದ್ದಂತೆಯೇ ಬರಬೇಕು ಎಂದು ಮೊದಲ ದಿನವೇ ನಿಯಮ ಮಾಡಿದ್ದರು. ನಿಯಮ ಮಾಡಿದ್ದು ಬೇರೆ ಯಾರೂ ಅಲ್ಲ, ಗುರುಜಿಯೇ. "ಬಡವರು ಅಂತ ಹೇಳಿ ಅವರನ್ನ ಪುಸ್ತಕದಾಗೂ ಗಿಡ್ಡಿ, ಕುಂಟ್ಯಾ ಅನ್ನೂದೇನು? ರೇಡಿಯೋದಾಗ ಹಾಡವರ ಹೆಸರು ಹಂಗ ಹೇಳ್ತಾರೇನು?" ಎಂದಿದ್ದರು. ಹಾಲ ಭೀಮ್ಯಾ ರೇಶನ್ ಕಾರ್ಡು ನೋಡಿ ಭೀಮಾಶಂಕರ ಆದ. ಗಿಡ್ಡಿಯನ್ನು ಹುಡುಕಿಕೊಂಡು ಗುರುಜಿ ಜಳಕೋಟದತನಕ ಹೋದಾಗ ಆ ಮುದುಕಿ ಹಲ್ಲಿಲ್ಲದ ಬಾಯಿಗೆ ಸೆರಗು ಹಚ್ಚಿ ನಕ್ಕು, "ಹೌದಲ್ರಿ, ಕುಸುಮ ಅಂತೊಂದು ಹೆಸರಿತ್ತು ನನಗ. ನಮ್ಮಪ್ಪ ಹೋದ ಮ್ಯಾಲ ಯಾರೂ ಕರೀಲಿಲ್ಲ. ಅದನ್ನೇ ಬರ್ಕೋರಿ" ಎಂದು, ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದ್ದಳು. ಗುರುಜಿಗೆ ಅವತ್ತು ಊಟ ರುಚಿಯೆನಿಸಿತ್ತು.

"ಒಮ್ಮೆ ಹಚ್ಚಿ ಕೇಳೂಣೇನು ಸರ್? ಹೆಸರು ಹೇಳ್ಯಾನೇನೋ" ಎಂದು ಶಿವಾನಿ ಕ್ಯಾಸೆಟ್ಟು ತುಂಬಿ ಗುಂಡಿ ಒತ್ತಿಯೇ ಬಿಟ್ಟಳು.

ಮೊದಲು ಸರಸರ ಸದ್ದು. ಎಲ್ಲೋ ಒಂದು ಕುರಿ ಒದರಿತು. ಆಮೇಲೆ ಗುರುಜಿಯದೇ ಧ್ವನಿ, ಹನ್ನೊಂದು ವರ್ಷ ಚಿಕ್ಕದು: "ಹೂಂ, ಹೆಸರು ಹೇಳು." ತುಸು ತಡೆದು ಇನ್ನೊಂದು ಧ್ವನಿ, ಗಡಸು, ಆದರೆ ನಗುವಿಗೆ ಹತ್ತಿರ:

"ಯಾವ್ದು ಹೇಳ್ಲಿರಿ ಗುರುಜಿ?"

ಟಕ್ ಎಂದು ಟೇಪು ನಿಂತ ಸದ್ದು. ಮತ್ತೆ ಟಕ್. ಅದೇ ಗಡಸು ಧ್ವನಿ ಪಾಠ ಒಪ್ಪಿಸಿದ ಹಾಗೆ ಹೇಳಿತು: "ಸಂಜುಕುಮಾರ." ಅದರ ಬೆನ್ನಿಗೇ ಡೊಳ್ಳು.

ಶಿವಾನಿ ನಕ್ಕಳು. "ಯಾವ್ದು ಹೇಳ್ಲಿ ಅಂತ. ಹೆಸರು ಅಂಗಡ್ಯಾಗ ಆರಸಿದಂಗ. ಮತ್ತೇನ್ರಿ ಸರ್, ತಾನೇ ಹೇಳ್ಯಾನಲ್ಲ. ಸಂಜುಕುಮಾರ ಅಂತ ಹಾಕಿಬಿಡ್ಲಿ? ತಿಪ್ಯಾ ಉರ್ಫ್‌ದಾಗ ಹೋಗ್ತದ."

"ಬ್ಯಾಡ."

"ಮತ್ತ ತಿಪ್ಯಾ ಅಂತ ಹಾಕ್ಲಿ? ನಿಯಮ ನೀವೇ ಮಾಡೀರಿ. ಪಟ್ಟ್ಯಾಗ ಒಂದೇ ಹೆಸರು ಛಾಪ್ ಆಗೂದು, ಉರ್ಫ್ ಒಳಗಿನ ಕಾರ್ಡಿನ್ಯಾಗ ಉಳೀತದ."

"ಖಾಲಿ ಬಿಡವ್ವ ಅದನ್ನ."

"ಸೋಮವಾರ ಛಾಪಖಾನಿಗೆ ಹೋಗ್ತದ ಸರ್."

"ಸೋಮವಾರ ಮುಂಜಾನಿ ಹೇಳ್ತೀನಿ." ಗುರುಜಿ ಚೀಲಕ್ಕೆ ಕೈ ಹಾಕಿದರು, ತೆಗೆದರು. "ಅದರದೊಂದು ನಕಲು ಮಾಡಿಕೊಡು. ಹಂಗ ಆ ಹದಿನೇಳರ ಫಾರ್ಮೂ ಕೊಡು."

ಬಸ್ಸಿನಲ್ಲಿ ಅವರು ಮೂರು ಸಲ ಜಾಗ ಬದಲಿಸಿದರು. ಶಿರೂರ ಅನಂತಪಾಳ ದಾಟುವತನಕ ಬಿಸಿಲು ಬಡಿಯುತ್ತದೆಂದು, ಆಮೇಲೆ ಕಿಟಕಿ ಅದುರುತ್ತದೆಂದು, ನಿಲಂಗಾದಲ್ಲಿ ಯಾವ ಕಾರಣವೂ ಇಲ್ಲದೆ. ನಿಲಂಗಾದ ಸ್ಟ್ಯಾಂಡಿನ ಎದುರಿಗಿನ ಮೈದಾನ ಕಂಡ ಕೂಡಲೇ ತಲೆ ಆ ಕಡೆ ತಿರುಗಿಸಬಾರದು ಅಂದುಕೊಂಡರೂ ತಿರುಗಿಸಿದರು.

ಭೂಕಂಪಕ್ಕಿಂತ ಮೊದಲು ಗುರುಜಿ ಸಾಸ್ತೂರಿನ ಆಚೆಯ ಒಂದು ಊರಿನ ಕನ್ನಡ ಶಾಲೆಯಲ್ಲಿದ್ದರು. ಜೂನ್ ತಿಂಗಳು ಮಕ್ಕಳ ಹೆಸರು ಹಚ್ಚಿಸುವ ದಿನ ಅವರಿಗೆ ಹಬ್ಬವಿದ್ದ ಹಾಗೆ. ಕಾಳ್ಯಾ, ಗುಂಡ್ಯಾ, ಭಿಕ್ಯಾ ಎಂದು ಬಂದ ಹುಡುಗರು ಕಾಳಿದಾಸ, ಗುಂಡೇರಾವ್ ಆಗಿ ಮನೆಗೆ ಹೋಗುತ್ತಿದ್ದರು. ಹೆಸರು ಅಂದರೆ ಮೈಮೇಲಿನ ಅಂಗಿ, ಶಾಲೆಗೆ ಹರಕು ಅಂಗಿ ತೊಟ್ಟು ಬರಬಾರದು ಎನ್ನುವುದು ಅವರ ಮಾತು. ಹಾಗೊಂದು ಜೂನಿನಲ್ಲಿ ಕುರಿ ಕಾಯುವ ಬೀರಣ್ಣನ ಹೆಂಡತಿ ಪ್ರಯಾಗಬಾಯಿ ಮಗನ ಕೈ ಹಿಡಿದುಕೊಂಡು ಬಂದು ನಿಂತಳು. ಹೆಸರು ಕೇಳಿದರೆ ತಿಪ್ಯಾ ಎಂದಳು. ಗುರುಜಿ ನಕ್ಕರು. ಅವಳು ನಗಲಿಲ್ಲ.

"ಮೂರು ಕೂಸು ಮಣ್ಣಿಗಿ ಹಾಕೀನ್ರಿ ಗುರುಜಿ. ಇಂವ ಹುಟ್ಟಿದ ಕೂಡ್ಲೆ ತಿಪ್ಪಿ ಮ್ಯಾಲ ಹೊರಳಿಸಿ ಬಿಟ್ಟು ಬಂದೆ. ಓಣಿ ಮುದುಕಿ ಎತ್ಕೊಂಡಳು. ಆಕಿಗಿ ಒಂದು ಸೇರು ತೌಡು ಕೊಟ್ಟು ಕೊಂಡ್ಕೊಂಡೀನಿ. ಕೊಟ್ಟೆ ಅಂದಳು ಆಕಿ, ತಗೊಂಡೆ ಅಂದೆ ನಾ. ಇಂವ ಹಡದ ಮಗ ಅಲ್ಲ, ತಿಪ್ಪ್ಯಾಗಿನ ಮಾಲು. ಅದಕ್ಕs ಉಳದಾನ. ಚಂದ ಹೆಸರು ಬ್ಯಾಡ್ರಿ, ಕಣ್ಣು ಬೀಳ್ತದ."

ಗುರುಜಿ "ಆಯ್ತವ್ವ ಆಯ್ತು" ಎಂದು, ಅವಳು ತಿರುಗಿದ ಮೇಲೆ ರಜಿಸ್ಟರಿನಲ್ಲಿ ಸಂಜುಕುಮಾರ ಬೀರಣ್ಣ ಎಂದು ಬರೆದರು. ಅವಳಿಗೆ ಓದಲು ಬರುತ್ತಿರಲಿಲ್ಲ. ಮುಂದೆ ಗೊತ್ತಾದಾಗಲೂ ಸಿಟ್ಟಾಗದೆ, "ನಿಮ್ಮ ಕಪಾಟಿನ್ಯಾಗ ಬಿದ್ದಿರ್ಲಿ ಬಿಡ್ರಿ ಅದು, ಬಾಯಿಗಿ ಮಾತ್ರ ಬರಬಾರ್ದು" ಎಂದಿದ್ದಳು. ಹದಿನೈದು ವರ್ಷ ಆ ಹೆಸರು ಕಪಾಟಿನಲ್ಲೇ ಇತ್ತು. ತಿಪ್ಯಾ ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಕುರಿ ಕಾದ. ತಂದೆ ಸತ್ತ ಮೇಲೆ ಅವನ ಡೊಳ್ಳು ಹೆಗಲಿಗೆ ಹಾಕಿಕೊಂಡ. ಬೀರಪ್ಪನ ಗುಡಿಯ ಮುಂದೆ ಅವನು ಎತ್ತಿದ ಪದಕ್ಕೆ ಮೂರು ಓಣಿಯಾಚೆ ಮಲಗಿದವರು ಎದ್ದು ಕೂಡುತ್ತಿದ್ದರು.

ತೊಂಬತ್ತಮೂರನೇ ಇಸವಿಯ ಗಣಪತಿ ಹಬ್ಬಕ್ಕೆ ನಿಲಂಗಾದಲ್ಲಿ ಹಾಡಿನ ಸ್ಪರ್ಧೆ ಇಟ್ಟಿದ್ದರು. ಅವನ ಹೆಸರು ಕೊಟ್ಟವರು ಗುರುಜಿ. ಮೈಕಿನಲ್ಲಿ "ಸಂಜುಕುಮಾರ ಬೀರಣ್ಣ" ಎಂದು ಕೂಗಿದರು. ಯಾರೂ ಏಳಲಿಲ್ಲ. ಮತ್ತೆ ಕೂಗಿದರು. ತಿಪ್ಯಾ ಗುರುಜಿಯ ಪಕ್ಕದಲ್ಲೇ ಕುಳಿತು, ಆ ಪುಣ್ಯಾತ್ಮ ಯಾರು, ಎಲ್ಲಿ ಸತ್ತಾನ, ಎಂದು ಎಲ್ಲರ ಹಾಗೆ ಕತ್ತು ಹೊರಳಿಸಿ ನೋಡುತ್ತಿದ್ದ. ಮೂರನೆಯ ಸಲ ಕೂಗಿದಾಗ ಗುರುಜಿ ಅವನ ಪಕ್ಕೆಗೆ ತಿವಿದು, "ಏ, ನೀನs ಅಲ್ಲೇನೋ" ಎಂದರು. "ಹೌದಲ್ಲ" ಎಂದು ಅವನು ಎದ್ದು ಓಡಿದ. ಊರಿಗೆ ಬಂದು ಅದನ್ನು ಹೇಳಿ ಹೇಳಿ ಎಲ್ಲರನ್ನೂ ನಗಿಸಿದ.

ಅದಾಗಿ ವಾರಕ್ಕೆ ಗಣಪತಿ ಕಳಿಸಿ ಬಂದು ಮನೆಯೊಳಗೆ ಮಲಗಿದವನು, ನಸುಕಿನಲ್ಲಿ ಭೂಮಿ ನಡುಗಿ ಮನೆ ಕುಸಿದಾಗ, ಏಳಲಿಲ್ಲ. ಪ್ರಯಾಗಬಾಯಿ ಮಗಳ ಸಂಗಡ ಹೊಲದಲ್ಲಿ ಕುರಿಯ ದೊಡ್ಡಿಯ ಹತ್ತಿರ ಇದ್ದಳು, ಉಳಿದಳು. ಸತ್ತವರ ಪಟ್ಟಿ ಮಾಡುವ ಕೆಲಸ ಶಾಲೆಯ ಮಾಸ್ತರರಿಗೆ ಬಂತು. ತಗಡಿನ ಶೆಡ್ಡಿನ ಮುಂದೆ ನಿಂತು ಗುರುಜಿ ಓದಿದರು: "ಸಂಜುಕುಮಾರ ಬೀರಣ್ಣ, ವಯ ಇಪ್ಪತ್ತೊಂದು." ಜನ ಯಾರಿರಬಹುದು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ಪ್ರಯಾಗಬಾಯಿ ಎದ್ದು ಬಂದಳು. ಅಳಲಿಲ್ಲ, ಕೂಗಲಿಲ್ಲ.

"ಮೈಕಿನ್ಯಾಗ ಮೂರು ಸಲ ಕರಸೀರಿ ಗುರುಜಿ. ಕೇಳಬಾರದವರು ಕೇಳ್ಕೊಂಡಾರ. ನಿಮ್ಮ ಹೆಸರ ನೀವು ಒಯ್ರಿ. ನನ್ನ ಮಗನ್ನ ನನಗ ಕೊಡ್ರಿ."

ಮುಂದಿನ ತಿಂಗಳೇ ಗುರುಜಿ ವರ್ಗ ಮಾಡಿಸಿಕೊಂಡು ಉಮರಗಾದ ಕಡೆ ಬಂದರು. ಆ ದಾರಿ ಮತ್ತೆ ತುಳಿಯಲಿಲ್ಲ.

ರವಿವಾರ ಮುಂಜಾನೆ ಅವರು ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದು ಮತ್ತೆ ಒಳಗೆ ಬಂದದ್ದನ್ನು ಹೆಂಡತಿ ವಿಮಲಾಬಾಯಿ ಒಲೆಯ ಮುಂದಿನಿಂದ ಎಣಿಸುತ್ತಿದ್ದಳು.

"ಇದು ನಾಲ್ಕನೇದು. ಹೋಗವರು ಹೋಗ್ರಿ, ಇಲ್ಲಾ ಚಪ್ಪಲಿ ಬಿಟ್ಟು ರೊಟ್ಟಿ ತಿನ್ರಿ. ಚಪ್ಪಲಿಗರೆ ಒಂದು ದಾರಿ ತೋರಸ್ರಿ."

"ಸೆಲ್ಲು ಮರ್ತಿದ್ದೆ, ಟೇಪಿಂದು."

"ಹನ್ನೊಂದು ವರ್ಷ ಆ ಕಡಿ ತಲಿ ಹಾಕಿ ಮಲಗಲಿಲ್ಲ ನೀವು. ಈಗ ಒಂದು ಫಾರ್ಮು ತುಂಬಲಿಕ್ಕ ಹೊಂಟೀರಿ." ಆಕೆ ರೊಟ್ಟಿ ತಟ್ಟುವುದು ನಿಲ್ಲಿಸಿದಳು. "ನಿಮಗ ಹೆಸರು ಬೇಕಾಗ್ಯದೋ, ಮಾಫಿ ಬೇಕಾಗ್ಯದೋ, ಅದನ್ನ ಮೊದಲ ತಿಳ್ಕೋರಿ. ಎರಡೂ ಕೇಳಿದ್ರ ಆಕಿ ಒಂದೂ ಕೊಡಲ್ಲ."

ಗುರುಜಿ ರೊಟ್ಟಿಯ ಗಂಟು ತೆಗೆದುಕೊಂಡು ನಡೆದರು.

ಭೂಕಂಪದ ಮೇಲೆ ಕಟ್ಟಿಕೊಟ್ಟ ಹೊಸ ಊರು ಹಳೆಯದರಿಂದ ಎರಡು ಮೈಲು ಈಚೆಗಿತ್ತು. ಅಳತೆಪಟ್ಟಿ ಹಿಡಿದು ಎಳೆದಂಥ ಓಣಿಗಳು, ಒಂದೇ ಥರದ ಮನೆಗಳು, ಗೋಡೆಯ ಮೇಲೆ ನಂಬರು. ನೀರಿನ ಟಾಕಿಯ ಹತ್ತಿರ ಎತ್ತಿಗೆ ನೀರು ಕುಡಿಸುತ್ತಿದ್ದವನನ್ನು, "ಪ್ರಯಾಗಬಾಯಿ ಬೀರಣ್ಣ ಅವರ ಮನಿ ಎಲ್ಲಿ?" ಎಂದು ಕೇಳಿದರು.

"ಯಾವ ಪ್ರಯಾಗಬಾಯಿ? ನಮ್ಮೂರಾಗ ಮೂರು ಮಂದಿ ಅದಾರ."

"ಕುರಿಯವರು. ಮಗಳು ಶಿವಕಾಂತಾ ಅಂತ."

"ಹಾಂ, ತಿಪ್ಯಾನ ಅವ್ವನ ಮನಿ ಅನ್ರಲಾ ಹಂಗಂದ್ರ. ಬೇನಗಿಡ ಕಾಣ್ತದಲ್ಲ, ಅದರ ಮಗ್ಗಲದ್ದು."

ಗುರುಜಿ ಬೇವಿನ ಗಿಡದತನಕ ನಡೆದರು. ಅಲ್ಲಿಂದ ತಿರುಗಿ ಟಾಕಿಯವರೆಗೆ ಬಂದು ಮುಖ ತೊಳೆದುಕೊಂಡರು. ಮತ್ತೆ ಹೋದರು.

ಬಾಗಿಲಿಗೆ ಬಂದ ಶಿವಕಾಂತಾ ಒಂದು ಗಳಿಗೆ ನೋಡಿ ಸೆರಗು ಸರಿಮಾಡಿಕೊಂಡಳು. ಮೂವತ್ತು ದಾಟಿದ ಹೆಂಗಸು. ಅವಳ ಗಂಡ ಇದೇ ಊರವನು, ಕುರಿ ಹೊಡೆದುಕೊಂಡು ಹೋಗಿದ್ದ. "ಅವ್ವಾ, ಗುರುಜಿ ಬಂದಾರ."

"ಯಾವ ಗುರುಜಿ?"

"ನಾಗನಾಥ ಗುರುಜಿ."

ಒಳಗಿನಿಂದ "ನೀರು ಕೊಡು" ಎಂಬ ಮಾತು ಬಂತು.

ಪ್ರಯಾಗಬಾಯಿ ಪಡಸಾಲೆಯಲ್ಲಿ ಗೋಡೆಗಾತು ಕುಳಿತು ಉಣ್ಣೆ ನೂಲುತ್ತಿದ್ದಳು. ಮೈ ಕುಗ್ಗಿತ್ತು, ಕೈ ಮಾತ್ರ ಮೊದಲಿನ ಹಾಗೇ ಇತ್ತು. ತಕಲಿ ಬುಗುರಿಯಂತೆ ತಿರುಗುತ್ತಲೇ ಇತ್ತು. ಅವಳು ತಲೆಯೆತ್ತಲಿಲ್ಲ.

"ಕೂಡ್ರಿ ಗುರುಜಿ. ಹಳಿ ಊರಾಗ ಇದ್ದಾಗ ವಾರಕ್ಕ ಮೂರು ಸಲ ಬರ್ತಿದ್ರಿ, ಪ್ರಯಾಗವ್ವ ನಿನ್ನ ಮಜ್ಜಿಗಿ ಚಲೋ ಅದ ಅಂತ. ಆಗ ರಸ್ತಾ ಇರ್ಲಿಲ್ಲ. ಈಗ ಡಾಂಬರ್ ಆಗ್ಯದ, ದೂರ ಆತು ನೋಡ್ರಿ."

"ದೂರ ಆತು ಆಯಿ" ಎಂದರು ಗುರುಜಿ.

ಆಮೇಲೆ ಹೇಗೋ ಶುರುಮಾಡಿ ಎಲ್ಲವನ್ನೂ ಹೇಳಿದರು. ಕಾಲೇಜು, ಖೋಲಿ, ಪುಸ್ತಕ, ಅದರಲ್ಲಿ ಬರುವ ಹಾಡುಗಾರರ ಪಟ್ಟಿ.

"ಮತ್ತ ಪಟ್ಟಿ" ಎಂದಳು ಪ್ರಯಾಗಬಾಯಿ. "ನಿಮ್ಮ ಚೀಲದಾಗ ಪಟ್ಟಿ ಬಿಟ್ಟು ಮತ್ತೇನರೆ ಇರ್ತದೋ ಇಲ್ಲೋ?"

"ಅವನ ಹಾಡದ ಆಯಿ. ತಂದೀನಿ."

ತಕಲಿಯ ದಾರ ಕಡಿಯಿತು. ಅವಳು ಎಳೆಯ ತುದಿಯನ್ನು ಉಗುಳು ಹಚ್ಚಿ ಹೊಸೆದು ಮತ್ತೆ ತಿರುಗಿಸಿದಳು. "ಹಚ್ಚರಿ" ಎಂದಳು.

ಗುರುಜಿ ಮನೆಯಿಂದ ಹೊರಡುವ ಮೊದಲೇ ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸಿ, ಮಾತು ದಾಟಿ, ಡೊಳ್ಳು ಶುರುವಾಗುವಲ್ಲಿಗೆ ತಂದು ನಿಲ್ಲಿಸಿದ್ದರು. ಗುಂಡಿ ಒತ್ತಿದರು. ಅಕ್ಕ ಮಾಯವ್ವ ಅಡವಿಯ ತೊಟ್ಟಿಲಲ್ಲಿ ತಮ್ಮ ಬೀರಪ್ಪನನ್ನು ಕಂಡು ಎತ್ತಿಕೊಂಡ ಪದ. ಧ್ವನಿ ಸಿಮೆಂಟಿನ ಗೋಡೆಗಳಿಗೆ ತಾಗಿ ಖೋಲಿಯ ತುಂಬ ನಿಂತಿತು. ಶಿವಕಾಂತಾ ಒಳಬಾಗಿಲ ಹೊಸ್ತಿಲಲ್ಲಿ ಕುಳಿತುಬಿಟ್ಟಳು. ಓಣಿಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬರು ನಿಂತು, ಒಳಗೆ ಇಣುಕಿ, ಹಾಗೇ ತಲೆ ಬಗ್ಗಿಸಿಕೊಂಡು ಹೋದರು. ಪದ ಮುಗಿಯುವತನಕ ಪ್ರಯಾಗಬಾಯಿಯ ಕೈಯಲ್ಲಿ ತಕಲಿ ಜೋತುಬಿದ್ದಿತ್ತು. ತಾನೇ ತಿರುಗಿ, ತಾನೇ ಹಿಂದಕ್ಕೆ ತಿರುಗಿ, ನಿಂತಿತ್ತು.

ಬಹಳ ಹೊತ್ತಿನ ಮೇಲೆ ಶಿವಕಾಂತಾ ಎದ್ದು ಬಂದು ಟೇಪಿನ ಗಾಜಿನೊಳಗೆ ನೋಡಿದಳು. "ಗುರುಜಿ, ಈ ಕಡಿ ಮೊದಲs ಒಂದೀಟು ಸುತ್ತು ಇತ್ತಲ್ರಿ, ನೀವು ಹಚ್ಚೂಕಿಂತ ಮೊದಲ. ಅದರಾಗ ಏನದ?"

"ಏನಿಲ್ಲವ್ವ. ನನ್ನ ಮಾತು."

"ನಿಮ್ಮ ಮಾತೂ ಕೇಳ್ತೀನಿ" ಎಂದಳು ಪ್ರಯಾಗಬಾಯಿ. "ಹಚ್ಚರಿ."

ಗುರುಜಿ ಟಾವೆಲಿನಿಂದ ಕುತ್ತಿಗೆ ಒರೆಸಿಕೊಂಡರು. ಕ್ಯಾಸೆಟ್ಟು ಹಿಂದಕ್ಕೆ ಓಡುವ ಸದ್ದು ಮುಗಿಯಬಾರದೆಂಬಂತೆ ಓಡಿ, ಟಕ್ ಎಂದು ನಿಂತಿತು.

ಕುರಿ ಒದರಿತು. "ಹೂಂ, ಹೆಸರು ಹೇಳು." "ಯಾವ್ದು ಹೇಳ್ಲಿರಿ ಗುರುಜಿ?" ಟಕ್. ಟಕ್. "ಸಂಜುಕುಮಾರ."

ಡೊಳ್ಳು ಬರುವುದರೊಳಗೆ ಪ್ರಯಾಗಬಾಯಿ ಕೈ ಎತ್ತಿದಳು. ಗುರುಜಿ ನಿಲ್ಲಿಸಿದರು.

"ನಡುವ ಏನೋ ಟಕ್ ಅಂತು."

"ನಾ ಬಂದ್ ಮಾಡಿದ್ದೆ ಆಯಿ."

"ಬಂದ್ ಮಾಡಿ ಏನಂದ್ರಿ ಅವನಿಗಿ?"

ಇದನ್ನು ಈ ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ವಿಮಲಾಬಾಯಿಗೂ ಹೇಳಿರಲಿಲ್ಲ. ಗುರುಜಿ ಎದ್ದು ನಿಂತರು. ಹೋಗಿ ನಿಲ್ಲುವಂಥ ಕಿಟಕಿ ಆ ಪಡಸಾಲೆಯಲ್ಲಿರಲಿಲ್ಲ. ಮತ್ತೆ ಕುಳಿತರು.

"ತಿಪ್ಯಾ ಅಂದ್ರ ಮಂದಿ ನಗ್ತಾರೋ, ನಾಲ್ಕು ಮಂದ್ಯಾಗ ಹೇಳೂ ಹೆಸರು ಹೇಳು ಅಂದೆ."

"ಅಂವಾ ಏನಂದ?"

"ಅವ್ವ ಬ್ಯಾಡಂತಾಳ್ರಿ ಅಂದ. ಅವ್ವನ್ನ ಕೇಳದ ಹೇಳಂಗಿಲ್ಲ ಅಂದ." ಗುರುಜಿ ಎದುರಿಗಿದ್ದ ನೀರನ್ನು ಮುಟ್ಟಲಿಲ್ಲ. "ಅವ್ವಗ ನಾ ಹೇಳ್ತೀನಿ, ನಾ ಕೇಳ್ತೀನಿ, ನೀ ಹೇಳು ಅಂದೆ. ಅದಕ್ಕ ಹೇಳಿದ."

"ಬ್ಯಾಸಿಗ್ಯಾಗ ಅಲ್ಲೇನ್ರಿ ಇದು?"

"ಬ್ಯಾಸಿಗ್ಯಾಗ."

"ಗಣಪತಿತನಾ ನಾಲ್ಕು ತಿಂಗಳು. ಮಜ್ಜಿಗಿಗಿ ಬರ್ತಿದ್ರಿ ನೀವು. ಮರ್ತಿರೇನು?"

ಮರೆತೆ ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅವಳೇ ಎತ್ತಿ ಕೈಗೆ ಕೊಟ್ಟ ಹಾಗೆ ಕೊಟ್ಟಿದ್ದಳು.

"ಮರೀಲಿಲ್ಲ ಆಯಿ. ಕೇಳಿದ್ರ ನೀವು ಒಲ್ಲೆ ಅಂತೀರಿ ಅಂತ ಗೊತ್ತಿತ್ತು. ಅದಕ್ಕ ಕೇಳಲಿಲ್ಲ."

ಶಿವಕಾಂತಾ ತಾಯಿಯ ಕಡೆ ನೋಡಿದಳು. ಪ್ರಯಾಗಬಾಯಿ ಮಡಿಲಲ್ಲಿದ್ದ ಉಣ್ಣೆಯೊಳಗಿನ ಕಸ ಆರಿಸತೊಡಗಿದ್ದಳು. ಒಂದೊಂದೇ ಮುಳ್ಳು, ಒಂದೊಂದೇ ಹುಲ್ಲಿನ ಕಡ್ಡಿ, ಮೂಗಿನ ಹತ್ತಿರ ಹಿಡಿದು ನೋಡಿ ಪಕ್ಕಕ್ಕಿಡುವಳು.

"ನಾ ಏನ ತಿಳ್ಕೊಂಡಿದ್ದೆ ಗೊತ್ತೇನ್ರಿ ಗುರುಜಿ?" ಎಂದಳು ಕೊನೆಗೆ. ಧ್ವನಿ ತಗ್ಗಿತ್ತು. "ನಿಲಂಗಾದಾಗ ಮೂರನೇ ಕೂಗಿಗಿ ಅಂವಾ ಎದ್ದು ಓಡ್ದ ಅಂತ ಊರೆಲ್ಲಾ ನಕ್ರು. ನಾನೂ ನಕ್ಕೆ. ಅಂವಾ ಹೋದ ಮ್ಯಾಲ ತಲಿಯೊಳಗ ಹೊಕ್ಕಿತು. ದೊಡ್ಡವ ಆಗಿದ್ದ, ತಿಪ್ಪಿ ಹೆಸರು ನಾಚ್ಕಿ ಆಗಿರಬೇಕು, ಅದಕ್ಕ ನನಗ ಹೇಳದs ಆ ಹೆಸರಿನ ಬೆನ್ನ ಹತ್ಯಾನ ಅಂತ. ನಿಮಗ ಬೈದೆ ಖರೆ. ಒಳಗೊಳಗ ಅವನಿಗೇ ಬೈದೀನಿ. ಇಷ್ಟೂ ವರ್ಷ."

ಉಣ್ಣೆಯಿಂದ ಇನ್ನೊಂದು ಮುಳ್ಳು ಆರಿಸಿ ಪಕ್ಕಕ್ಕಿಟ್ಟಳು.

"ಯಾವ್ದು ಹೇಳ್ಲಿ ಅಂತ ಕೇಳ್ಯಾನ" ಎಂದಳು ಅವಳು, ಶಿವಕಾಂತಾಗೆ ಹೇಳಿದ ಹಾಗೆ. "ಅವ್ವನ್ನ ಕೇಳ್ಬೇಕು ಅಂದಾನ. ಕೇಳ್ದಿ?"

"ಕೇಳಿದೆನವ್ವ."

"ಇನ್ನೊಮ್ಮಿ ಹಚ್ಚರಿ. ಅಷ್ಟೇ. ಅವನ ಮಾತಿನತನಾ."

ಗುರುಜಿ ಹಚ್ಚಿದರು. ಯಾವ್ದು ಹೇಳ್ಲಿರಿ ಗುರುಜಿ. ಟಕ್ ಎನ್ನುವುದಕ್ಕೆ ಮೊದಲೇ ನಿಲ್ಲಿಸಿದರು. ಪ್ರಯಾಗಬಾಯಿ ಉಣ್ಣೆಯನ್ನು ಬುಟ್ಟಿಗೆ ಹಾಕಿ, ಗೋಡೆ ಹಿಡಿದು ಎದ್ದಳು.

"ಶಿವಕಾಂತಾ, ತೌಡು ಅದ ಏನ?"

"ಎಮ್ಮಿಗಿ ತಂದಿದ್ದದ. ಯಾಕವ್ವ?"

"ಸೇರು ತುಂಬಿ ತಾ."

ಶಿವಕಾಂತಾ ತಾಯಿಯ ಮುಖ ನೋಡಿ ಹಿತ್ತಲಿಗೆ ಹೋದಳು. ಕಬ್ಬಿಣದ ಸೇರು ಗೋಪುರದಂತೆ ತುಂಬಿ ಬಂತು. ಪ್ರಯಾಗಬಾಯಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗುರುಜಿಯ ಎದುರು ಕುಕ್ಕರಗಾಲಲ್ಲಿ ಕುಳಿತಳು.

"ಟಾವೆಲ್ ಹಾಸ್ರಿ."

"ಆಯಿ, ನಾ…"

"ಹಾಸ್ರಿ ಗುರುಜಿ. ಅವನ ದನಿ ನಿಮ್ಮ ಹತ್ರ ಅದ, ಕಾಗದ ನಿಮ್ಮ ಹತ್ರ ಅದ. ಇಷ್ಟು ವರ್ಷ ನಿಮ್ಮಲ್ಲೇ ಇದ್ದಾನ ಅಂವಾ. ನನಗ ಪುಕ್ಕಟೆ ಬ್ಯಾಡ."

ಗುರುಜಿ ಹೆಗಲ ಟಾವೆಲನ್ನು ತೆಗೆದು ನೆಲಕ್ಕೆ ಹಾಸಿದರು. ಸುಕ್ಕು ಸರಿಮಾಡಿದರು. ಅವಳು ಸೇರನ್ನು ಬಗ್ಗಿಸಿದಳು. ತೌಡು ಸದ್ದಿಲ್ಲದೆ ಬಿದ್ದು ಸಣ್ಣ ಗುಡ್ಡವಾಯಿತು. ಬಾಗಿಲ ಬಿಸಿಲಿನಲ್ಲಿ ಅದರ ಧೂಳು ಎದ್ದು, ತಿರುಗಿ, ಇಳಿಯಿತು.

"ಕೊಟ್ಟೆ ಅನ್ರಿ."

"ಕೊಟ್ಟೆ."

"ಯಾರನ್ನ?"

ಗುರುಜಿ ಬಾಯಿ ತೆರೆದರು. ಮೂವತ್ತು ವರ್ಷ ಮಕ್ಕಳಿಗೆ ಹೆಸರಿಟ್ಟ ಬಾಯಿ. ಕೈಗಳು ಟಾವೆಲಿನ ಅಂಚನ್ನು ಹಿಡಿದುಕೊಂಡಿದ್ದವು.

"ತಿಪ್ಯಾನ್ನ" ಎಂದರು.

"ತಗೊಂಡೆ" ಎಂದಳು ಪ್ರಯಾಗಬಾಯಿ. ಖಾಲಿ ಸೇರನ್ನು ನೆಲಕ್ಕೆ ಬೋರಲಿಟ್ಟಳು. "ಮಜ್ಜಿಗಿ ಕುಡದು ಹೋಗ್ರಿ. ಶಿವಕಾಂತಾ ಮಾಡಿದ್ದು, ನನ್ನಷ್ಟು ಚಲೋ ಇರಲ್ಲ" ಎಂದಳು.

"ಆಗೇ ಸುರು ಆತು ನಿಂದು" ಎಂದು ಮಗಳು ಕಣ್ಣೊರೆಸಿಕೊಂಡು ಒಳಗೆ ಹೋದಳು.

ಗುರುಜಿ ಕ್ಯಾಸೆಟ್ಟನ್ನು ಅಲ್ಲಿಯೇ ಬಿಟ್ಟು ಹೊರಟರು. ಉದಗೀರದಲ್ಲಿ ಮೂಲ ಇತ್ತು.

ಊರ ದಾರಿ ದೊಡ್ಡ ರಸ್ತೆಗೆ ಕೂಡುವ ಫಾಟಾದಲ್ಲಿ ಬಸ್ಸಿಗೆ ಕಾಯುವವರು ಅವರೊಬ್ಬರೇ. ಕಲ್ಲುಕಟ್ಟೆಯ ಮೇಲೆ ಕುಳಿತು ತೌಡಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡರು. ಚೀಲದಿಂದ ಹದಿನೇಳನೆಯ ಫಾರ್ಮು ತೆಗೆದು, ಮೊಣಕಾಲ ಮೇಲೆ ಹರವಿ, ಹೆಸರಿನ ಖಾಲಿ ಮನೆಯಲ್ಲಿ ಎರಡು ಅಕ್ಷರ ಬರೆದರು. ಈ ಸಲ ಪೆನ್ನಿನಿಂದ. ಉರ್ಫ್ ಎಂದಿದ್ದಲ್ಲಿ ಒಂದು ಗೀಟು ಎಳೆದರು. ಕಡಲೆ ಕಿತ್ತ ಹೊಲಗಳ ಕಡೆಯಿಂದ ಗಾಳಿ ಬರುತ್ತಿತ್ತು. ಮಸಿ ಆರಿತು.

ಎಲ್ಲಿಂದಲೋ ಒಂದು ಆಡು ಬಂದು ಅವರ ತೊಡೆಗೆ ಮೂತಿ ಹಚ್ಚಿತು. "ಹಚಾ" ಎಂದರು. ಅದು ಹೋಗಲಿಲ್ಲ. ಗಂಟನ್ನು ಮೂಸಿ, ಟಾವೆಲಿನ ತುದಿ ಹಿಡಿದು ಎಳೆಯಿತು. ಗುರುಜಿ ಅದರ ಮುಖ ನೋಡಿದರು. ಆಮೇಲೆ ಗಂಟು ಬಿಚ್ಚಿ ಟಾವೆಲಿನ ನಾಲ್ಕೂ ಅಂಚು ಎತ್ತಿ ಹಿಡಿದರು. ಆಡು ತಲೆ ಹುದುಗಿಸಿ ತಿನ್ನತೊಡಗಿತು. ಅದರ ಬಿಸಿ ಉಸಿರು ಬಟ್ಟೆಯಾಚೆಯಿಂದ ಅಂಗೈಗೆ ತಾಗುತ್ತಿತ್ತು.

ಉಮರಗಾದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಚಲಾ ಗುರುಜಿ, ಯೇತಾ ಕಾ?" ಎಂದು, ಬರುತ್ತೀರಾ ಎಂದು ಮರಾಠಿಯಲ್ಲಿ ಕೂಗಿದ. ಅವರು ಅಲುಗಲಿಲ್ಲ. ಮುಂದಿನದಕ್ಕೆ ಎಂದು ಕಣ್ಣಿನಲ್ಲೇ ಹೇಳಿದರು. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಆಡು ಟಾವೆಲಿನ ನಡುಮಧ್ಯೆ ಉಳಿದಿದ್ದ ಕೊನೆಯ ತೌಡನ್ನು ನೆಕ್ಕುತ್ತಿತ್ತು. ಗುರುಜಿ ಅಂಚುಗಳನ್ನು ಹಿಡಿದುಕೊಂಡು, ಅದು ಮುಗಿಸುವತನಕ, ಕುಳಿತಲ್ಲೇ ಕುಳಿತಿದ್ದರು.